ಕುರ್ಚಿ ಕಡೆ ಮುಖ ಮಾಡಿದ ಏಡಿಗಳು

ನಮ್ಮದು ಮೀನು, ಮಾಂಸ ಹೊಸ್ತಿಲು ದಾಟದ ಮನಿ. ಆದರೂ ನಮ್ಮನಿಯವರು, ಸಿದ್ದಾರೂಢ, ಕೊಂಢವಾದ ಈ ಫ್ಲ್ಯಾಟಿನಾಗ ಒಂದು ಗಾಜಿನ ಪೆಟ್ಟಿಗ್ಯಾಗ ಮಣ್ಣು, ಪಾಚಿ, ಒಂದು ಬಟ್ಟಲ ನೀರು ಇಟ್ಟು ಹೆಬ್ಬೆಟ್ಟಿನ ಉಗುರಿನಷ್ಟು ಸಣ್ಣ ಏಡಿ ಸಾಕಿದ್ರು. ಸಂಜೀಕ ಆಫೀಸಿನಿಂದ ಬರುವಾಗ ಕ್ಯಾಂಪಿನ ಪ್ಯಾಟ್ಯಾಗ ಒಣ ಸಿಗಡಿ ಕೊಂಡು ಕಿಸೇದಾಗ ಮುಚ್ಚಿ ತರತಿದ್ರು, ಕುರ್ಚಿ ಎಳಕೊಂಡು ಕೂತು ಕೈಯಾರೆ ತಿನಸ್ತಿದ್ರು. ನಮ್ಮತ್ತಿ ಚನ್ನಬಸವ್ವ ಮೂಗು ಮುಚ್ಚಿಕೊಂಡು, “ಆರೂಢಾ, ಮೊದಲ ಹೋಗಿ ಕೈ ತೊಳಕೊ” ಅಂತ ದಿನಾ ಬೈತಿದ್ರು.

ಹೋದ ಮಳಿಗಾಲದಾಗ ಭೋರ್ ರಸ್ತೇದಾಗ ಅವರ ಬೈಕ್ ಜಾರಿತು. ಅವರನ್ನ ಮಣ್ಣು ಮಾಡಿ ಬಂದ ದಿನಾನ ಸಿಗಡಿ ಡಬ್ಬಿ ಹೊರಗ ಚೆಲ್ಲಿದೆ.

ಆಮ್ಯಾಲ ಗಜ್ಜರಿ ಬೇಯಿಸಿ ಹಾಕಿದೆ. ಏಡಿ ಮುಟ್ಟಲಿಲ್ಲ, ಮುಂಜಾನೆ ನೋಡಿದರ ಗಜ್ಜರಿ ಹಂಗ ಬೂಸ್ಟು ಹಿಡಿದಿರ್ತಿತ್ತು. ಆದರೂ ಅವು ಸೊರಗಲಿಲ್ಲ. ಪೊರಿ ಬಿಟ್ಟು ಮೊದಲಿಗಿಂತ ದೊಡ್ಡವಾದವು. ದಿನಾ ಸಂಜೀಕ, ಅವರು ಬರತಿದ್ದ ಹೊತ್ತಿಗೆ, ಎಲ್ಲಾ ಮಣ್ಣಿನಿಂದ ಎದ್ದು ಬಂದು ಖಾಲಿ ಕುರ್ಚಿ ಕಡೆ ಮುಖ ಮಾಡಿ ಗಾಜಿಗೆ ಆತು ನಿಲ್ತಿದ್ದವು. ಅದೇ ಹೊತ್ತಿಗೆ ಆ ಕುರ್ಚಿಯ ಹತ್ತಿರ ಸಿಗಡಿ ವಾಸನಿ ಬರ್ತಿತ್ತು.

ನಿನ್ನೆ ಆ ವಾಸನಿ ಭಾಳ ಜೋರಾಗಿ ಬಂತು. ಅತ್ತಿ ವಿಭೂತಿ ಹಚ್ಚಿಕೊಳ್ಳಾಕತ್ತಿದ್ರು. ಈ ಸಲ ಮೂಗು ಮುಚ್ಚಲಿಲ್ಲ. ಕುರ್ಚಿ ಕಡೆ ನೋಡಿ, “ಇರಲಿ ಬಿಡಪಾ,” ಅಂದ್ರು, “ಅವು ಉಣ್ಣಲಿ. ಆಮ್ಯಾಲ ಕೈ ತೊಳಕೊಳ್ಳುವಂತಿ.”

ನಾವಿಬ್ಬರೂ ಕೂತಲ್ಲೇ ಇದ್ದಿವಿ. ತುಸು ಹೊತ್ತಿಗೆ ಬಚ್ಚಲದಾಗ ನಳ ಬಿಟ್ಟ ಸಪ್ಪಳಾತು, ನಿಂತಿತು. ಎದ್ದು ಹೋಗಿ ನೋಡಿದೆ. ಸಾಬೂನಿನ ಮ್ಯಾಲಿನ ಬುರುಗು ಇನ್ನೂ ಆರಿರಲಿಲ್ಲ.