ಅರವತ್ಮೂರು ಕೆಂಪು ಗುರುತು

"ಈ ಪುಸ್ತಕಕ್ಕ ಕೆಂಪು ಪೆನ್ಸಿಲ್ ಹಚ್ಚಿದವರು ನೀವೇನ್ರಿ?"

ಊರ್ಮಿಳಾ ತಲೆ ಎತ್ತದೆಯೇ ಕೇಳಿದಳು. ತಲೆ ಎತ್ತಿದರೆ ಸಿಟ್ಟು ಬಾಯಿಗೆ ಬಂದೀತು ಎಂಬ ಭಯ.

"ಹೌದ್ರಿ," ಎಂದ ಎದುರಿಗೆ ನಿಂತವನು.

"ಯಾಕ?"

"ನಲವತ್ತೊಂದನೇ ಪುಟದಾಗ ಸತ್ತವನ ಗಡಿಯಾರ ಎಡಗೈಯಾಗ ಅದ. ಎಪ್ಪತ್ತನೇ ಪುಟದಾಗ ಬಲಗೈಗೆ ಬಂದದ. ಸತ್ತ ಮ್ಯಾಲೆ ಹೆಂಗ ಬದಲಿ ಮಾಡಿಕೊಂಡ?"

ಈಗ ಅವಳು ತಲೆ ಎತ್ತಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಅದೇ ಕೆಂಪು ಪೆನ್ಸಿಲ್. ಮುಖದಲ್ಲಿ ತಮಾಷೆಯ ಸುಳಿವೇ ಇಲ್ಲ. ತಮಾಷೆ ಮಾಡಿದ್ದರಾದರೂ ಕ್ಷಮಿಸಬಹುದಿತ್ತು.

"ರಬ್ಬರ್ ತಗೊಂಡು ಎಲ್ಲಾ ಅಳಿಸಿ ಕೊಡ್ರಿ. ಲೈಬ್ರರಿ ಪುಸ್ತಕದಾಗ ಏನೂ ಬರೀಬಾರದು."

ಅವನು ಅಲ್ಲೇ ಬೆಂಚಿನ ಮೇಲೆ ಕುಳಿತು ಹನ್ನೊಂದು ಗುರುತುಗಳನ್ನು ಅಳಿಸಿದ. ಅಳಿಸಿದ್ದನ್ನು ಊದಿ, ಪುಸ್ತಕ ಮುಚ್ಚಿ, ಇನ್ನೊಂದು ಪತ್ತೇದಾರಿ ಕಾದಂಬರಿ ತೆಗೆದುಕೊಂಡು ಹೋದ. ಇಂಥವರಿಗೆ ಏನು ಹೇಳುವುದು...

ಅದು ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿ. ನಾಸಿಕ್ ಹತ್ತಿರದ ಓಝರ್‌ನಲ್ಲಿ ವಿಮಾನ ಕಾರ್ಖಾನೆಯ ಟೌನ್‌ಶಿಪ್. ಅಲ್ಲಿ ಕನ್ನಡ ಸಂಘಕ್ಕೆ ಒಂದು ಕೋಣೆ, ಕೋಣೆಯಲ್ಲಿ ಒಂದು ಟ್ರಂಕು, ಟ್ರಂಕಿನಲ್ಲಿ ನೂರಾ ನಲವತ್ತು ಪುಸ್ತಕ. ಪ್ರತಿ ಭಾನುವಾರ ಬೆಳಿಗ್ಗೆ ಟ್ರಂಕು ತೆರೆಯುವವಳು ಊರ್ಮಿಳಾ. ಕಲಬುರಗಿಯಿಂದ ಬಂದ ಮನೆತನ, ಅಪ್ಪ ಕಾರ್ಖಾನೆಯ ಸ್ಟೋರಿನಲ್ಲಿ. ಇವಳು ಬಿ.ಎ. ಮುಗಿಸಿ ವಾರವಿಡೀ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು.

ಟೌನ್‌ಶಿಪ್ಪಿನ ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು. ಓದು ಎಂದರೆ ಮಾತ್ರ ಮರಾಠಿಗೆ ಓಡುತ್ತಿದ್ದವು. ಹದಿನಾಲ್ಕು ಹದಿನೈದರ ಆ ಮಕ್ಕಳನ್ನು ಕನ್ನಡಕ್ಕೆ ಎಳೆಯಬೇಕಾದರೆ ಕೋಟೆ ಕತ್ತಿಗಳ ಹಳೇ ಕಾಲದ ಕಥೆ ಬೇಕು, ಇಲ್ಲವೇ ಕೊಲೆಗಾರ ಯಾರು ಎಂಬ ಕುತೂಹಲ ಬೇಕು. ಇದನ್ನು ಕಂಡುಕೊಂಡಿದ್ದ ಊರ್ಮಿಳಾ, ಒಳ್ಳೆಯ ಪುಸ್ತಕ ಸಿಕ್ಕಾಗ ಒಳಗೆ 'ಓದಲು ಯೋಗ್ಯ' ಎಂದು ಚೀಟಿ ಅಂಟಿಸುತ್ತಿದ್ದಳು. ಇಡೀ ಟ್ರಂಕಿನಲ್ಲಿ ಅಂಥ ಚೀಟಿ ಬಿದ್ದದ್ದು ಹದಿನೇಳಕ್ಕೆ.

ಆ ಹದಿನೇಳನ್ನೂ ಕೆಂಪು ಮಾಡುವ ಪಣ ತೊಟ್ಟವನಂತೆ ಬಂದಿದ್ದ ಶ್ರೀಪತಿ. ಊರು ಬೀದರ್, ಕೆಲಸ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಅಂದರೆ ತಪ್ಪು ಹುಡುಕುವುದಕ್ಕೇ ಸಂಬಳ.

ಮುಂದಿನ ವಾರ ಹದಿನಾಲ್ಕು ಗುರುತು. ಬೈದಳು, ಅಳಿಸಿದ. ಅದರ ಮುಂದಿನ ವಾರ ಒಂಬತ್ತು. ಬೈದಳು, ಅಳಿಸಿದ. ನಾಲ್ಕನೇ ವಾರ ಒಂದು ದಪ್ಪ ಪತ್ತೇದಾರಿ ಕಾದಂಬರಿ ಒಂದೇ ಒಂದು ಗುರುತಿಲ್ಲದೆ ವಾಪಸು ಬಂತು.

ಅಂತೂ ಇವನ ಬಾಯಿ ಮುಚ್ಚಿಸುವಂಥ ಪುಸ್ತಕ ಒಂದಿದೆ ಎಂದುಕೊಂಡ ಊರ್ಮಿಳಾ ಖುಷಿಯಿಂದ ಅದಕ್ಕೆ 'ಓದಲು ಯೋಗ್ಯ' ಚೀಟಿ ಅಂಟಿಸಿದಳು. ಮಕ್ಕಳು ಅದನ್ನು ಒಬ್ಬರಾದ ಮೇಲೊಬ್ಬರು ಅರ್ಧಕ್ಕೇ ಓದಿ ತಂದುಕೊಟ್ಟರು.

"ಟೀಚರ್, ಲಯ್ ಬೋರ್ ಅದ, ಭಾಳ ಬೋರ್," ಎಂದಳು ಒಬ್ಬ ಹುಡುಗಿ, ಮರಾಠಿ ಬೆರೆಸಿ.

ಈ ಮನುಷ್ಯನ ರುಚಿಯೇ ಕೆಟ್ಟಿದೆ ಎಂದು ಊರ್ಮಿಳಾ ತೀರ್ಮಾನಿಸಿಬಿಟ್ಟಳು. ಆದರೂ ಭಾನುವಾರ ಬೆಳಿಗ್ಗೆ ಕೆಂಪು ಪೆನ್ಸಿಲ್ಲಿನ ಜೇಬು ಬಾಗಿಲಲ್ಲಿ ಕಾಣುವುದು ತಡವಾದರೆ ಅವಳು ಎರಡು ಸಲ ಗಡಿಯಾರ ನೋಡುತ್ತಿದ್ದಳು. ಅದಕ್ಕೂ ಅವನ ಮೇಲೆಯೇ ಸಿಟ್ಟು.

ಚೀಟಿಗೆ ತಕ್ಕ ಇನ್ನೊಂದು ಪುಸ್ತಕ ಟ್ರಂಕಿನಲ್ಲಿ ಇರಲಿ ಎಂದು ಅವಳು ಎರಡು ವರ್ಷದಿಂದ ಗುಟ್ಟಾಗಿ ಒಂದು ಕಾದಂಬರಿ ಬರೆಯುತ್ತಿದ್ದಳು. 'ದೇವಗಿರಿಯ ಹೊನ್ನಿ'. ದೇವಗಿರಿ ಎಂದರೆ ಈಗಿನ ದೌಲತಾಬಾದ್ ಕೋಟೆ. ಕೋಟೆಗೆ ಪಂಜು ಕಟ್ಟಿಕೊಡುವವನ ಮಗಳು, ಹದಿನೈದರ ಹೊನ್ನಿ, ಶತ್ರುಗಳ ಕಣ್ಣು ತಪ್ಪಿಸಿ ಓಲೆಯೊಂದನ್ನು ಕತ್ತಲ ಸುರಂಗದಿಂದ ಮೇಲಕ್ಕೆ ಸಾಗಿಸುವ ಕಥೆ. ಕಲಬುರಗಿಯ ಒಂದು ಪ್ರೆಸ್ಸಿನವರು ನವೆಂಬರ್ ಕೊನೆಯೊಳಗೆ ಕಳಿಸಿದರೆ ಅಚ್ಚು ಹಾಕುವುದಾಗಿ ಬರೆದಿದ್ದರು.

ಕಳಿಸುವ ಮೊದಲು ಯಾರಾದರೂ ಒಬ್ಬರು ನಿಜ ಹೇಳಬೇಕು ಎನಿಸಿತು. 'ಕೃಷ್ಣರಾಜ' ಎಂಬ ಹೆಸರು ಹಾಕಿ, ನೋಟ್‌ಬುಕ್ಕಿಗೆ ರಟ್ಟು ಹೊದಿಸಿ, ಟ್ರಂಕಿನಲ್ಲಿಟ್ಟಳು. ಟೌನ್‌ಶಿಪ್ಪಿನಲ್ಲಿ ಓದುವವರು ಎಷ್ಟೋ ಜನ ಇದ್ದರು. ಒಯ್ದವನು ಶ್ರೀಪತಿ.

ಎರಡು ಭಾನುವಾರ ಅವನ ಸುಳಿವಿಲ್ಲ. ಮೂರನೆಯ ಭಾನುವಾರ ನೋಟ್‌ಬುಕ್ ಮೇಜಿನ ಮೇಲಿಟ್ಟು, "ನಿಧಾನಕ್ಕ ನೋಡ್ರಿ," ಎಂದು ಹೊರಟೇಹೋದ.

ಅರವತ್ಮೂರು ಗುರುತು! ಎಂಬತ್ತೆಂಟನೇ ಪುಟದಲ್ಲಂತೂ ದಪ್ಪಗೆ ಬರೆದಿದ್ದ: 'ಬೆಳಕು ಕಂಡ ಕಡೆ ಓಡಿದರೆ ಹೊನ್ನಿ ಸಾಯುತ್ತಾಳೆ.' ಅದೇ ಪುಟದಲ್ಲಿ ಒಂದು ಮುದುಡಿದ ಬಸ್ ಟಿಕೆಟ್ಟು. ಕಸ ಇಡುವುದಕ್ಕೂ ಇವನಿಗೆ ನನ್ನ ಪುಸ್ತಕವೇ ಬೇಕಾಯಿತೇ ಎಂದು ಅದನ್ನು ಕಿಟಕಿಯಾಚೆ ಎಸೆದಳು. ಅರವತ್ಮೂರನೇ ಗುರುತಿನ ಆಚೆ ಒಂದು ಪುಟವನ್ನೂ ತಿರುವಲಿಲ್ಲ.

ಮನೆಯಲ್ಲಿ ಅವ್ವ ಗಿರಿಜಮ್ಮ ರೊಟ್ಟಿ ತಟ್ಟುತ್ತಿದ್ದಳು. ಮಗಳು ಮೂಗು ಒರೆಸಿಕೊಳ್ಳುತ್ತ ಲೆಕ್ಕ ಹೇಳಿದಳು.

"ಅರವತ್ಮೂರೇನು? ಶಿವಭಕ್ತರು ಅರವತ್ಮೂರು ಪುರಾತನರ ಲೆಕ್ಕಕ್ಕ ಸರಿ ಹೊಂದ್ತು ನೋಡು."

"ಚ್ಯಾಷ್ಟಿ ಮಾಡಬ್ಯಾಡವ್ವ. ನಾ ಕಳಿಸಂಗಿಲ್ಲ. ನಾಳೆ ಬಿಟ್ಟು ಮುಂದಿನ ಸೋಮವಾರ ರದ್ದಿಯವ ಬಂದ್ರ ಇದನ್ನೂ ಕೊಟ್ಟುಬಿಡು."

ನೋಟ್‌ಬುಕ್ ಹಳೇ ಪೇಪರುಗಳ ಗಂಟಿನೊಳಗೆ ಸೇರಿತು. ಎರಡು ವರ್ಷದ ಸಂಜೆಗಳೆಲ್ಲ ಸುತಳಿಯಲ್ಲಿ ಕಟ್ಟಿಸಿಕೊಂಡು ಮೂಲೆಯಲ್ಲಿ ಕುಳಿತವು. ಅವನು ಚೆನ್ನಾಗಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅರವತ್ಮೂರು ಸಲ ಹೇಳಬೇಕಿತ್ತೇ?

ಮರುಭಾನುವಾರ ಸಂಘದ ಪ್ರವಾಸ. ಕಾರ್ಯದರ್ಶಿ ರೇವಣಪ್ಪನವರು ಮೊದಲೇ ಹೆಸರು ಬರೆದುಕೊಂಡಿದ್ದರಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಯೇವಲಾದಲ್ಲಿ ಹೆಂಗಸರು ಪೈಠಣಿ ಸೀರೆ ನೋಡುತ್ತ ಒಂದು ತಾಸು ಕಳೆದರು. ಊರ್ಮಿಳಾ ಬಸ್ಸಿನಲ್ಲೇ ಕುಳಿತಳು, ಎರಡು ಸೀಟಿನ ಹಿಂದೆ ಶ್ರೀಪತಿಯೂ ಕುಳಿತ.

ಅಲ್ಲಿಂದ ಹೊರಟು ದೌಲತಾಬಾದ್ ಮುಟ್ಟಿದಾಗ ಮಧ್ಯಾಹ್ನ. ತಾನು ಎರಡು ವರ್ಷ ಬರೆದ ಕೋಟೆಯನ್ನು ಊರ್ಮಿಳಾ ಕಣ್ಣಾರೆ ನೋಡುತ್ತಿದ್ದುದು ಅದೇ ಮೊದಲು. ಸುರಂಗದ ಬಾಯಲ್ಲಿ ಪಂಜು ಹಿಡಿದು ನಿಂತಿದ್ದ ಗೈಡು ಶ್ರೀಪತಿಯನ್ನು ಕಂಡು ನಕ್ಕ.

"ಅರೆ ಸಾಹೇಬ್, ಫಿರ್ ಆ ಗಯೇ? ಉಸ್ ದಿನ್ ತೋ ಸೀಢಿಯಾಂ ಗಿನ್ ರಹೇ ಥೇ."

ಇವನು ಮೊದಲೇ ಒಮ್ಮೆ ಬಂದು ಮೆಟ್ಟಿಲು ಎಣಿಸಿದ್ದನೇ? ಯಾಕೆ? ಊರ್ಮಿಳಾಳಿಗೆ ಕಿಟಕಿಯಾಚೆ ಎಸೆದ ಟಿಕೆಟ್ಟಿನ ನೆನಪಾಯಿತು.

ಒಳಗೆ ಕಣ್ಣಿಗೆ ಕಣ್ಣು ಕಾಣದ ಕತ್ತಲೆ, ಬಾವಲಿಗಳ ವಾಸನೆ. ಗೈಡು ಮುಂದಿನವರ ಜೊತೆ ತಿರುವಿನಲ್ಲಿ ಮರೆಯಾದ. ಅಷ್ಟರಲ್ಲಿ ಎಡಕ್ಕೆ ಒಂದಿಷ್ಟು ಬೆಳಕು ಕಂಡಿತು. ಅವಳ ಹೊನ್ನಿ ಓಡಿದ ಹಾಗೆಯೇ ಊರ್ಮಿಳಾ ಆ ಕಡೆ ಹೆಜ್ಜೆ ಹಾಕಿದಳು.

"ನಿಂದರ್ರಿ."

ಶ್ರೀಪತಿ ಅವಳ ಮೊಣಕೈ ಹಿಡಿದಿದ್ದ. ಗೈಡು ತಿರುಗಿ ಬಂದು ಪಂಜು ಚಾಚಿ ತೋರಿಸಿದ. ಬೆಳಕು ಬರುತ್ತಿದ್ದ ಕಿಂಡಿಯ ಕೆಳಗೆ ನೆಲವೇ ಇರಲಿಲ್ಲ. ಬೆಳಕು ಕಂಡು ಓಡಿಬಂದ ಶತ್ರು ನೇರ ಕಂದಕಕ್ಕೆ ಬೀಳಲೆಂದೇ ಕೊರೆದದ್ದು ಎಂದ.

ಹೊರಗೆ ಬಂದು ಊರ್ಮಿಳಾ ಮೆಟ್ಟಿಲ ಮೇಲೆ ಕುಳಿತಳು. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು... ಈ ಮನುಷ್ಯ ಸರಿಯಾಗಿದ್ದನಲ್ಲ ಎಂಬ ಸಿಟ್ಟು.

"ಯಾರೋ ಕೃಷ್ಣರಾಜನ ಕಥಿಗಾಗಿ ಇಷ್ಟು ದೂರ ಬಂದು ಮೆಟ್ಟಿಲು ಎಣಿಸಿದ್ರೇನ್ರಿ?"

"ಕೃಷ್ಣರಾಜ ಯಾರೂ ಇಲ್ಲ. ಪ್ರತೀ ವಾರ ನನ್ನ ಕಾರ್ಡಿನ ಮ್ಯಾಲೆ ತಾರೀಖು ಬರೀತೀರಿ. ನಿಮ್ಮ ಅಕ್ಷರ ನನಗ ಗೊತ್ತಾಗಂಗಿಲ್ಲೇನು?"

"ನಂದು ಅಂತ ಗೊತ್ತಿದ್ದೂ ಅರವತ್ಮೂರು ತಪ್ಪು ಹಿಡಿದ್ರಿ?"

"ಗೊತ್ತಿದ್ದದ್ದಕ್ಕ ಹಿಡಿದೆ." ಅವನು ಜೇಬಿನ ಪೆನ್ಸಿಲ್ ತೆಗೆದು ಬೆರಳಲ್ಲಿ ತಿರುವಿದ. "ನಮ್ಮಲ್ಲಿ ಕೆಲಸಕ್ಕ ಬಾರದ ಭಾಗಕ್ಕ ಸ್ಕ್ರ್ಯಾಪ್ ಅಂತ ಒಂದು ಚೀಟಿ ಕಟ್ಟಿ ಒಗೀತೀವಿ. ಅದರ ಮ್ಯಾಲೆ ಯಾರೂ ಗುರುತು ಹಾಕಂಗಿಲ್ಲ. ಹಾರಬೇಕಾದ ಭಾಗಕ್ಕ ಮಾತ್ರ ಕೂದಲಷ್ಟು ಗೀರಿದ್ರೂ ಗುರುತು ಹಾಕ್ತೀವಿ. ತಿದ್ದಬೇಕಲ್ಲ."

ಊರ್ಮಿಳಾಳಿಗೆ ಆ ಗುರುತಿಲ್ಲದ ದಪ್ಪ ಪತ್ತೇದಾರಿ ಕಣ್ಮುಂದೆ ಬಂತು. ತಾನೇ ಕೈಯಾರೆ ಅದಕ್ಕೆ ಚೀಟಿ ಅಂಟಿಸಿದ್ದು, ಮಕ್ಕಳು ಅರ್ಧಕ್ಕೇ ತಂದುಕೊಟ್ಟದ್ದು...

"ಇದನ್ನ ಮೊದಲೇ ಹೇಳಲಿಕ್ಕೆ ಬಾಯಿ ಇರಲಿಲ್ಲೇನ್ರಿ ನಿಮಗ?"

"ಕೊನೀ ಪುಟದಾಗ ಬರ್ದಿದ್ದೆ. ನೋಡಿಲ್ಲೇನು?"

"ಇಲ್ಲ. ಏನು ಬರ್ದೀರಿ?"

"ತಿದ್ದಿದ ಮೇಲೆ ಹಾರಲು ಯೋಗ್ಯ. ಕೆಳಗ ಸಹಿ." ಅವನು ಕೆಳಗೆ ನೋಡಿದ. "ಸಹಿ ಕೆಳಗ ಇನ್ನೊಂದು ಸಾಲು ಇತ್ತು. ಅಳಿಸಿದೆ."

"ಯಾಕ?"

"ಲೈಬ್ರರಿ ಪುಸ್ತಕದಾಗ ಏನೂ ಬರೀಬಾರದು ಅಂತ ನೀವೇ ಹೇಳಿದ್ರಿ."

ಅರವತ್ಮೂರು ಬರೆದವನಿಗೆ ಈ ಒಂದು ಸಾಲಿಗೆ ಮಾತ್ರ ನಿಯಮ ನೆನಪಾಗಿತ್ತು. ಊರ್ಮಿಳಾಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ಏನಿತ್ತು ಅದರಾಗ?"

ಅವನು ಪೆನ್ಸಿಲ್ಲಿನ ತುದಿಯನ್ನು ತಿಕ್ಕಿದ. ಹೆಬ್ಬೆರಳೆಲ್ಲ ಕೆಂಪಾಗಿತ್ತು.

"ಬರದಾಕಿ ಮ್ಯಾಲೆ ಮನಸ್ಸಾಗ್ಯದ ಅಂತ."

ಕೆಳಗಿನಿಂದ ರೇವಣಪ್ಪನವರು ಬಸ್ಸಿಗೆ ಹೊತ್ತಾಯಿತೆಂದು ಕೂಗುತ್ತಿದ್ದರು. ಊರ್ಮಿಳಾ ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಇನ್ನೂ ಗದರುತ್ತಲೇ ಇತ್ತು.

"ನಾಳೆ ಮುಂಜಾನೆ ರದ್ದಿಯವ ಬರೋದರೊಳಗ ಅವ್ವನ ಗಂಟು ಬಿಚ್ಚಬೇಕು. ಪ್ರೆಸ್ಸಿಗೆ ಕಳಿಸಲಿಕ್ಕೆ ಎಂಟು ದಿನ ಉಳಿದಾವ. ಅರವತ್ಮೂರೂ ತಿದ್ದಬೇಕು. ಸಂಜಿ ಡ್ಯೂಟಿ ಮುಗಿಸಿ ಮನಿಗೆ ಬರ್ರಿ."

"ನಿಮ್ಮವ್ವಾರು ಏನರೆ ಅಂದ್ರ?"

"ಅನ್ನಲಿ. ನಿಮ್ಮಾಗಿನ ತಪ್ಪು ಹುಡುಕ್ತಾಳ, ಅಷ್ಟ. ನಾನಂತೂ ಆಗಲೇ ನೂರು ದಾಟಿಸೀನಿ."

ಶ್ರೀಪತಿಯ ಮುಖ ಸಣ್ಣಗಾಯಿತು. "ನೂರೇನ್ರಿ? ಹಂಗಾರ... ನಾ ಬರೋದು ಬ್ಯಾಡೇನು?"

ಊರ್ಮಿಳಾ ಅವನ ಕೈಯಿಂದ ಕೆಂಪು ಪೆನ್ಸಿಲ್ ತೆಗೆದುಕೊಂಡು ತನ್ನ ಚೀಲದೊಳಗೆ ಹಾಕಿಕೊಂಡಳು.

"ಸ್ಕ್ರ್ಯಾಪಿಗೆ ಯಾರು ಗುರುತು ಹಾಕ್ತಾರ್ರಿ?"