ಮೈ ಮುಟ್ಟದ ನೀರು

ಈರಣ್ಣ ಬಳಿಗಾರನ ಬಚ್ಚಲ ಗೋಡೆಗೆ ಒರಗಿಸಿದ ಯಂತ್ರ ಹತ್ತು ನಿಮಿಷ ಗುಂಯ್‌ಗುಟ್ಟಿ ಸುಮ್ಮನಾಯಿತು. ಅದರ ಹೆಸರು ಜಲಸಾಕ್ಷಿ. ಗೋಡೆಯೊಳಗೆ ಇಳಿದ ನೀರು ಆರುವಾಗ ಉಪ್ಪಿನ ತೆಳು ಪದರವೊಂದನ್ನು ಬಿಟ್ಟುಹೋಗುತ್ತದೆ. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಕಟ್ಟುತ್ತದಲ್ಲ, ಹಾಗೆ. ಆ ಪದರಗಳಿಗೆ ಬೆಳಕು ಹಾಯಿಸಿದರೆ ನೀರು ಯಾವ ದಿನ ಬಂತು, ಎಷ್ಟು ಬಿಸಿಯಿತ್ತು, ಅದರಲ್ಲಿ ಏನು ಕರಗಿತ್ತು, ಎಲ್ಲ ತಿಳಿಯುತ್ತದೆ. ೨೦೬೧ರ ಹುಬ್ಬಳ್ಳಿಯಲ್ಲಿ ಇದು ಬಂದ ಮೇಲೆ ಅಪಾರ್ಟ್‌ಮೆಂಟುಗಳ ಅರ್ಧ ಜಗಳ ನಿಂತವು ಎನ್ನುತ್ತಾರೆ. ಎಲ್ಲಿ ನಿಂತವು ಬಿಡಿ, ಬೇರೆ ಜಗಳ ಹುಟ್ಟಿದವು.

ಯಂತ್ರ ಕಂಡುಹಿಡಿದ ವಸುಂಧರಾ ಕಟ್ಟಿಮನಿ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ನೀರು ಬಾಜೂ ಮನಿಯಿಂದ ಬರಾಕತ್ತೈತ್ರಿ. ಅವರ ಬಚ್ಚಲದ ಪೈಪ್ ಒಡದೈತಿ. ದಿನಾ ನಸುಕಿನ್ಯಾಗ ಎರಡು ಬಕೆಟ್ ಬಿಸಿನೀರು. ಆದ್ರ..."

"ನಾ ಹೇಳಿದ್ನಿಲ್ಲೋ!" ಈರಣ್ಣ ಕುಣಿದೇಬಿಟ್ಟ. "ಆ ಬಚ್ಚಲಾ ಬಳಸೂದ ಇಲ್ಲ ಅಂತ ಸೊಸೈಟಿಗೆ ಬರದು ಕೊಟ್ಟಾಳ್ರಿ ಆಕಿ. ಈ ಬೂಷ್ಟಿಗೆ ನನ್ನ ಮೊಮ್ಮಗಳು ಉಸಿರಾಡಾಕ ಒದ್ದಾಡ್ತಾಳ!"

"ಆದ್ರ ಇದರಾಗ ಸೋಪಿಲ್ಲ, ಎಣ್ಣಿ ಇಲ್ಲ, ಬೆವರಿಲ್ಲ. ಮೂರು ವರ್ಷದಿಂದ ಈ ನೀರು ಯಾರ ಮೈಗೂ ತಾಗಿಲ್ರಿ."

ಆ ಮನೆಯ ರೈಲು ಡ್ರೈವರ್ ಸತ್ತು ಮೂರು ವರ್ಷವಾಗಿತ್ತು. ಈರಣ್ಣನ ಮೈ ಜುಮ್ಮೆಂದಿತು.

ವಸುಂಧರಾ ಹೋಗಿ ಬಾಜೂ ಮನೆಯ ಬಾಗಿಲು ತಟ್ಟಿದಳು, ಈರಣ್ಣ ಹಿಂದೆ ನಿಂತ. ಬಾಗಿಲು ತೆರೆದ ಡ್ರೈವರನ ಹೆಂಡತಿ ನೀಲಗಂಗಾಗೆ ನಲವತ್ತು ದಾಟಿರಲಿಲ್ಲ. ವಿಷಯ ಕೇಳಿ ಇಬ್ಬರನ್ನೂ ಬಚ್ಚಲಿಗೆ ಕರೆದುಕೊಂಡು ಹೋದಳು.

"ಬಳಸೂದಿಲ್ಲ ಅಂದದ್ದು ಖರೇನ ಐತ್ರಿ. ನಾ ಬಳಸೂದಿಲ್ಲ. ನೀರು ಅವರಿಗೆ ಇಡ್ತೀನಿ. ನಸುಕಿನ್ಯಾಗ ಬಚ್ಚಲ ಬಾಗಿಲದಾಗ ಬಂದು ನಿಂತಂಗ ಆಗ್ತೈತ್ರಿ. ನೀರು ಹೊಯ್ದ ಮ್ಯಾಲ ಹೋಗ್ತಾರ." ಸೆರಗಿನಿಂದ ಮೂಗೊರೆಸಿಕೊಂಡಳು. "ಕಡೀ ದಿನ ಜಗಳಾಡಿದ್ವಿ. ನಾ ನೀರು ಕಾಸಲಿಲ್ಲ, ಮುಸುಕು ಹಾಕ್ಕೊಂಡು ಮಲಗಿದೆ. ಡ್ಯೂಟಿಗೆ ಹೋದವರು ಎಂಜಿನ್ಯಾಗ ಎದಿ ಹಿಡಕೊಂಡು ಕುಂತ್ರು, ಏಳಲಿಲ್ಲ. ಅವತ್ತು ಜಳಕಾ ಮಾಡಿ ಹ್ವಾದ್ರೋ ಇಲ್ಲೋ, ಅಷ್ಟು ನೋಡಿ ಹೇಳ್ರಿ. ಜನವರಿ ಒಂಬತ್ತು."

ವಸುಂಧರಾ ಗೋಡೆಯ ಈ ಬದಿಗೆ ಯಂತ್ರ ಹಿಡಿದಳು. ಈರಣ್ಣ ಹಿಂದೆ ನಿಂತು ಇಣುಕಿದ. ಎಂಟನೆಯ ತಾರೀಖು: ಬಿಸಿನೀರು, ಸೋಪು, ಬೆವರು. ಒಂಬತ್ತು: ಏನೂ ಇಲ್ಲ. ಆ ದಿನ ಬಚ್ಚಲಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ಹನ್ನೊಂದು ವರ್ಷದಲ್ಲಿ ವಸುಂಧರಾ ಒಂದು ವರದಿಯನ್ನೂ ತಿದ್ದಿದವಳಲ್ಲ. ಇದ್ದದ್ದನ್ನು ಹೇಳಲು ಬಾಯಿ ತೆರೆದಳು.

"ಮಾಡ್ಯಾರ್ರಿ ಅಕ್ಕಾರ," ಎಂದ ಈರಣ್ಣ. "ಆವತ್ತು ನಾ ಗ್ವಾಡಿ ಆಚಿಗಿದ್ದೆ. ತಂಬಿಗಿ ಸಪ್ಪಳ ಕೇಳಿಸ್ತು. ತಣ್ಣೀರು ಕಾಣ್ತೈತಿ, ಹೋ ಹೋ ಅಂತ ಒದರಾಕತ್ತಿದ್ರು."

ನೀಲಗಂಗಾ ಅಳುತ್ತಲೇ ನಕ್ಕಳು. "ಹೌದ್ರಿ, ತಣ್ಣೀರಂದ್ರ ಒದರೂದ ಅವರು." ಆಮೇಲೆ ವಸುಂಧರಾಳತ್ತ ತಿರುಗಿದಳು. "ಖರೇ ಏನ್ರಿ, ಬಾಯಾರ? ಯಂತ್ರಾನೂ ಹಂಗ ಹೇಳ್ತೈತೇನು?"

ವಸುಂಧರಾ ಪರದೆ ಆರಿಸಿದಳು. "ಹಂಗ ಹೇಳ್ತೈತ್ರಿ."

ಮರುದಿನದಿಂದ ಆ ಬಚ್ಚಲಲ್ಲಿ ನೀರು ಬೀಳಲಿಲ್ಲ. ಗೋಡೆ ಆರಲು ಎರಡು ತಿಂಗಳು ಹಿಡಿಯಿತು, ಮೊಮ್ಮಗಳ ಕೆಮ್ಮು ಇಳಿಯಿತು. ಈರಣ್ಣನಿಗೆ ಮಾತ್ರ ನಸುಕಿನಲ್ಲಿ ಎಚ್ಚರವಾಗುತ್ತದೆ. ಗೋಡೆಗೆ ಕಿವಿಯಿಟ್ಟು ಕೂರುತ್ತಾನೆ. ಕೆಲವು ದಿನ ತಂಬಿಗೆಯ ಸಪ್ಪಳ, ಹೋ ಹೋ ಎಂಬ ದನಿ ಕೇಳಿದಂತಾಗುತ್ತದೆ, ದೇವರಾಣೆ ಹೇಳಬಲ್ಲ.

ಇದನ್ನು ಇಂದು ಓದುವ ನಮ್ಮ ಕೈಗೆ ಜಲಸಾಕ್ಷಿ ಬರಲು ಇನ್ನೂ ಎಷ್ಟೋ ವರ್ಷ ಬೇಕು. ಅಲ್ಲಿಯವರೆಗೆ ನಮ್ಮ ಗೋಡೆ ಒದ್ದೆಯಾದರೆ ಆಚೆ ಮನೆಗೆ ಹೋಗಿ ಕೇಳುವುದೊಂದೇ ದಾರಿ. ಈರಣ್ಣ ಮೂರು ವರ್ಷದಲ್ಲಿ ಸೊಸೈಟಿಗೆ ಹದಿನಾಲ್ಕು ಅರ್ಜಿ ಬರೆದಿದ್ದ. ನೀಲಗಂಗಾಳ ಬಾಗಿಲನ್ನು ಒಮ್ಮೆಯೂ ತಟ್ಟಿರಲಿಲ್ಲ.