ಬೊಮ್ಮರಸನ ಪಡಸಾಲೆಯ ಸೋಫಾ

ನಿಮ್ಮ ಮುತ್ತಜ್ಜಿಗೆ ಇನ್ನೂ ಹಾಲುಹಲ್ಲು ಮೊಳೆಯದ ಕಾಲದಲ್ಲಿ ಮುತ್ತುಗದುರ್ಗ ಅಂತ ಒಂದು ರಾಜ್ಯವಿತ್ತು. ಅದರ ಅರಸ ಬೊಮ್ಮರಸ. ಅವನಿಗೆ ಚಿನ್ನದ ಸಿಂಹಾಸನವೊಂದಿತ್ತು, ನಿಜ. ಆದರೆ ಅದು ಹೊರಗೆ ಬರುತ್ತಿದ್ದದ್ದು ಹಬ್ಬಕ್ಕೊಮ್ಮೆ. ದಿನದಿನದ ರಾಜ್ಯಭಾರವೆಲ್ಲ ನಡೆಯುತ್ತಿದ್ದದ್ದು ಅರಮನೆಯ ಪಡಸಾಲೆಯಲ್ಲಿ, ಒಂದು ಹಳೇ ಮರದ ಬೆಂಚಿನ ಮೇಲೆ. ಆ ನಾಡಿನ ಪದ್ಧತಿಯೇ ಹಾಗೆ. ದೂರು ತಂದವರು ಮೊದಲು ಕೂರಬೇಕು. ಅವರು ಕೂತ ಮೇಲೆ ಅರಸ ಬಂದು ಪಕ್ಕದಲ್ಲಿ ಕೂತು ಕೇಳಬೇಕು. ಬೊಮ್ಮರಸ ಪಟ್ಟಕ್ಕೆ ಬಂದಾಗಿನಿಂದ ಒಂದು ದಿನವೂ ಅದನ್ನು ತಪ್ಪಿಸಿರಲಿಲ್ಲ.

ಒಂದು ದಿನ ಗೆದ್ದಲು ಹಿಡಿದ ಆ ಬೆಂಚು ಲಟಕ್ಕನೆ ಮುರಿಯಿತು.

"ದಿನಾ ಕೂರೋದಕ್ಕೆ ಒಂದು ಒಳ್ಳೇ ಆಸನ ಬೇಕು," ಅಂದ ಅರಸ. "ನನಗೂ ವಯಸ್ಸಾಯ್ತು, ಬೆನ್ನು ನೋಯುತ್ತೆ."

ಆ ಮಾತು ಮಾಯಗಾರ ಜೋಂಪಯ್ಯನ ಕಿವಿಗೆ ಬಿತ್ತು. ಮರುದಿನ ಬೆಳಗ್ಗೆಯೇ ಅವನೊಂದು ಸೋಫಾ ಹೊರಿಸಿಕೊಂಡು ಬಂದ. ಆ ಕಾಲದಲ್ಲಿ ಅದನ್ನು ಏನಂತ ಕರೆಯುತ್ತಿದ್ದರೋ ನನಗೆ ಗೊತ್ತಿಲ್ಲ, ನಾನು ಸೋಫಾ ಅಂತಲೇ ಹೇಳುತ್ತೇನೆ, ಜಗಳ ತೆಗೆಯಬೇಡಿ. ಅದರೊಳಗೆ ಹತ್ತಿ ಇರಲಿಲ್ಲ, ನಾರು ಇರಲಿಲ್ಲ, ನಿಜವಾದ ಮೋಡವನ್ನೇ ತುಂಬಿದ್ದ. ಅವತ್ತು ಮೊದಲು ದೂರು ತಂದವನು ಜೀನಗಾರ ಚೌಡಪ್ಪ, ಅರಸನ ಕುದುರೆಗಳಿಗೆ ಜೀನು ಹೊಲಿಯುವವನು. ಚೌಡಪ್ಪ ಕೂತ. ಪಕ್ಕದಲ್ಲಿ ಅರಸ ಕೂತ. ಇಬ್ಬರೂ ಒಟ್ಟಿಗೆ "ಆಹಾ!" ಅಂದರು.

ಅಷ್ಟೇ ನೋಡಿ. ಮತ್ತೆ ಏಳಲಿಲ್ಲ.

ಮೊದಲ ದಿನ ತೊಡೆಯವರೆಗೆ ಹೂತರು. ಆಮೇಲೆ ಸೊಂಟದವರೆಗೆ, ಹೊಟ್ಟೆಯವರೆಗೆ. ದಿನಕ್ಕೆ ಎರಡು ಬೆರಳು ಒಳಗೆ, ಮುಖದ ಮೇಲೆ ಮಾತ್ರ ಸುಖವೋ ಸುಖ. ಎಳೆದರೆ ಬರುತ್ತಿರಲಿಲ್ಲ, ಕೂಗಿದರೆ "ನಾಳೆ ನೋಡೋಣ" ಅನ್ನುತ್ತಿದ್ದರು. ಜೋಂಪಯ್ಯ ಪಕ್ಕದಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ಕಾಯುತ್ತಿದ್ದ. ಅರಸ ಪೂರ್ತಿ ಮುಳುಗಿದ ದಿನ ಕಿರೀಟ ಮೆತ್ತೆಯ ಮೇಲೆ ಉಳಿಯುತ್ತದೆ. ಅದನ್ನು ಎತ್ತಿ ತಲೆಗಿಟ್ಟುಕೊಳ್ಳುವುದು ಅವನ ಹಂಚಿಕೆ.

ಚೌಡಪ್ಪನಿಗೆ ಒಬ್ಬಳೇ ಮಗಳು, ದ್ಯಾವಮ್ಮ. ತಾಯಿಯಿಲ್ಲದ ಹುಡುಗಿ, ಅಪ್ಪನ ಜೊತೆ ಕೂತು ಹೊಲಿಯುತ್ತಲೇ ಬೆಳೆದವಳು. ಅಪ್ಪ ಮಹಾ ಗೊಣಗ. ಎಷ್ಟು ಚೆನ್ನಾಗಿ ಹೊಲಿದರೂ ಒಂದು ದಿನವೂ ಭೇಷ್ ಅಂದವನಲ್ಲ. "ಮೂಲೆ ನೋಡೇ, ಮೂಲೆ!" ಅಂತ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದ. ಈಗ ಇಪ್ಪತ್ತು ದಿನದಿಂದ ಮನೆಯಲ್ಲಿ ಗೊಣಗುವವರಿಲ್ಲ. ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅಪ್ಪ ಅರಸನಿಗಿಂತ ಕುಳ್ಳ, ಆಗಲೇ ಎದೆಯವರೆಗೂ ಹೂತಿದ್ದ.

ಅವಳು ಸೀದಾ ಪಡಸಾಲೆಗೆ ಹೋಗಿ ಜೋಂಪಯ್ಯನ ಮುಂದೆ ನಿಂತಳು.

"ಇವರನ್ನು ಬಿಡಿಸೋದು ಹೇಗೆ?"

ಜೋಂಪಯ್ಯ ಮುಖ ಸಿಂಡರಿಸಿದ. ಮಾಯಗಾರರದೂ ಒಂದು ಕಟ್ಟಳೆ ಇದೆ. ಪ್ರತಿ ಮಾಯೆಗೂ ಒಂದು ದಾರಿ ಇಟ್ಟಿರಬೇಕು, ಎದುರು ನಿಂತು ಕೇಳಿದವರಿಗೆ ಅದನ್ನು ಹೇಳಬೇಕು.

"ನನ್ನ ಗುಹೆಯಲ್ಲಿ ಮೂರು ಸೋಫಾ ಇವೆ," ಅಂದ. "ಸರಿಯಾದದ್ದು ಒಂದನ್ನು ಆರಿಸಿ ತಂದು ಇದರ ಎದುರಿಗೆ ಇಡು. ಇವರಿಬ್ಬರೂ ತಾವಾಗಿಯೇ ಎದ್ದು ಬಂದರೆ ಮಾಯೆ ಮುಗೀತು. ಮಂತ್ರಿ ಹೋದ, ಸೇನಾಪತಿ ಹೋದ. ಇಬ್ಬರೂ ತಪ್ಪು ಆರಿಸಿ ಅಲ್ಲೇ ಕೂತವ್ರೆ. ನೀನೂ ಹೋಗ್ತೀಯಾ? ಹೋಗು, ಜಾಗ ಇದೆ."

"ಹೋಗ್ತೀನಿ," ಅಂದಳು ದ್ಯಾವಮ್ಮ. ಆಮೇಲೆ ಬಗ್ಗಿ ಅಪ್ಪನ ಕಿವಿಯಲ್ಲಿ ಕೇಳಿದಳು. "ಅಪ್ಪಾ, ಜೀನು ಒಳ್ಳೇದೋ ಅಲ್ವೋ ಅಂತ ನೀನು ಹೇಗೆ ನೋಡ್ತಿದ್ದೆ?"

ಚೌಡಪ್ಪ ಅರೆಗಣ್ಣು ತೆರೆದ. "ಹತ್ತಿ ಕೂತಾಗ ಎಲ್ಲಾ ಜೀನೂ ಚಂದವೇ ಕಣೇ. ಸವಾರ ಇಳಿಯೋವಾಗ ನೋಡಬೇಕು..." ಅಂದವನು ಮತ್ತೆ ಕಣ್ಣು ಮುಚ್ಚಿದ.

ದ್ಯಾವಮ್ಮ ದಬ್ಬಳ, ದಾರದುಂಡೆ, ಅಳತೆಯ ಹುರಿ, ಒಂದು ಹಗ್ಗ ಇಷ್ಟನ್ನು ಜೋಳಿಗೆಗೆ ಹಾಕಿಕೊಂಡು ಹೊರಟಳು. ಒಂದು ಹಗಲು ನಡೆದು ಗುಹೆ ಸೇರಿದಳು. ಬಾಗಿಲಲ್ಲಿ ಒಂದು ಗಂಟೆ ಇತ್ತು. ಹೊಡೆದಳು. ಬಾಗಿಲು ತೆಗೆದದ್ದು ಒಂದು ಕರಡಿ.

"ಆರಿಸೋಕೆ ಬಂದ್ಯಾ?" ಅಂತು ಕರಡಿ. "ಬಾ ಬಾ. ಚಪ್ಪಲಿ ಹೊರಗೆ ಬಿಡು."

ಮೊದಲ ಕೋಣೆಯಲ್ಲಿ ಹಂಸದ ಪುಕ್ಕದ ಸೋಫಾ. ಬೆಣ್ಣೆಯ ಬಣ್ಣ, ಮುಟ್ಟಿದರೆ ಕೈ ಜಾರಬೇಕು, ಅಷ್ಟು ನುಣುಪು. ಅದರ ನಡುವೆ ಸೇನಾಪತಿಯ ಮೀಸೆಯ ಎರಡು ತುದಿಗಳು ಮಾತ್ರ ಕಾಣುತ್ತಿದ್ದವು. ದ್ಯಾವಮ್ಮ ಹಗ್ಗವನ್ನು ಕಂಬಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಆಮೇಲೆ ಕೂತಳು. ಅಯ್ಯೋ, ಏನು ಹೇಳಲಿ! ಒಂದು ದಿನ ನಡೆದ ಕಾಲಿಗೆ ಸ್ವರ್ಗ ಸಿಕ್ಕ ಹಾಗಾಯಿತು. ಇಲ್ಲೇ ಇದ್ದುಬಿಡೋಣ ಅನಿಸಿತು. ಆದರೆ ಅಪ್ಪನ ಮಾತು ನೆನಪಾಗಿ ಏಳಲು ನೋಡಿದರೆ, ಮಂಡಿ ಊರಲು ಗಟ್ಟಿ ಜಾಗವಿಲ್ಲ, ಕೈ ಊರಲು ತೋಳಿಲ್ಲ. ಹಗ್ಗ ಹಿಡಿದು ಜಗ್ಗಿ ಜಗ್ಗಿ, ಹೇಗೋ ಉರುಳಿ ಹೊರಗೆ ಬಿದ್ದಳು.

"ಇದು ಬೇಡ," ಅಂದಳು ಏದುಸಿರು ಬಿಡುತ್ತಾ.

ಆಗಲೇ ಬಾಗಿಲ ಗಂಟೆಯ ಸದ್ದಾಯಿತು. ಕರಡಿ ಓಡಿ ಹೋಗಿ, ಬಾಗಿಲು ತೆಗೆದು, ಬಂದ ಕಾಗೆಯ ಹತ್ತಿರ ಏನೋ ಮಾತಾಡಿ ಕಳಿಸಿ ವಾಪಸ್ ಬಂತು.

ಎರಡನೇ ಕೋಣೆಯಲ್ಲಿ ನವಿಲಿನ ಸೋಫಾ. ಜರಿಯ ಹೊದಿಕೆ, ಹವಳದ ಕುಸುರಿ, ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಅದಕ್ಕೆ ಮಾತೂ ಬರುತ್ತಿತ್ತು.

"ಕಾಲು ತೊಳೆದ್ಯಾ?" ಅಂತ ಗದರಿತು. "ಎಣ್ಣೆ ತಲೆ ಒರಗಿಸಬೇಡ! ಮಡಿಕೆ ಬೀಳುತ್ತೆ, ಅಲುಗಾಡಬೇಡ!"

ಅದರ ತುದಿಯಲ್ಲಿ ಮಂತ್ರಿ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಗೂಟದ ಹಾಗೆ ನೆಟ್ಟಗೆ ಕೂತಿದ್ದ. ಹತ್ತು ದಿನದಿಂದ ಹಾಗೇ ಕೂತಿದ್ದನಂತೆ.

"ತಾಯೀ," ಅಂತ ಪಿಸುಗುಟ್ಟಿದ, "ಒಂದು ಸಲ ಒರಗಬಹುದಾ ಅಂತ ಕೇಳು, ನಿನಗೆ ಪುಣ್ಯ ಬರುತ್ತೆ."

"ಒರಗಬಾರದು!" ಅಂತ ಕಿರುಚಿತು ಸೋಫಾ.

ದ್ಯಾವಮ್ಮನಿಗೆ ನಗು ಬಂತು, ಪಾಪ ಅನಿಸಿತು ಕೂಡ. ಸೋಫಾ ಮೇಲೆ ಜನ ಕೂರಬೇಕೋ, ಜನರ ಮೇಲೆ ಸೋಫಾ ಕೂರಬೇಕೋ? "ಇದೂ ಬೇಡ," ಅಂದಳು. ಮತ್ತೆ ಗಂಟೆಯ ಸದ್ದಾಯಿತು. ಕರಡಿ ಮತ್ತೆ ಓಡಿತು.

ಮೂರನೇ ಕೋಣೆಯಲ್ಲಿ ಸೋಫಾ ಕಾಣಲಿಲ್ಲ. ಕರಡಿ ವಾಪಸ್ ಬಂದು ಅಲ್ಲಿದ್ದ ಮರದ ಚೌಕಟ್ಟೊಂದರ ಮೇಲೆ ಕೂತು ಉಸಿರು ಬಿಟ್ಟಿತು.

"ಮೂರನೆಯದು ಎಲ್ಲಿ?" ಕೇಳಿದಳು ದ್ಯಾವಮ್ಮ.

"ಇದೇ, ನನ್ನ ಕೆಳಗಿರೋದು. ಇದನ್ನ ಯಾರೂ ಕೇಳೋದೇ ಇಲ್ಲ. ಹಾಸಿಲ್ಲ, ಹೊದಿಕೆಯಿಲ್ಲ."

"ಅಲ್ಲಪ್ಪಾ, ಅಂಥಾ ಎರಡು ಸೋಫಾ ಇರುವಾಗ ನೀನು ಇದರ ಮೇಲೆ ಕೂರ್ತೀಯಲ್ಲ?"

"ಒಳ್ಳೇ ಕತೆ!" ಅಂತು ಕರಡಿ. "ದಿನಕ್ಕೆ ಎಪ್ಪತ್ತು ಸಲ ಎದ್ದು ಬಾಗಿಲು ತೆಗೆಯೋನು ನಾನು. ಆ ಪುಕ್ಕದ ಮೇಲೆ ಕೂತ್ರೆ ಕೆಲಸ ಆಗುತ್ತಾ? ಅವೆರಡು ಬಂದವರಿಗೆ. ಇದು ಇರೋರಿಗೆ."

ದ್ಯಾವಮ್ಮ ಥಟ್ಟನೆ ಕೂತಳು, ಥಟ್ಟನೆ ಎದ್ದಳು. ಮೂರು ಸಲ ಕೂತು ಮೂರು ಸಲ ಎದ್ದಳು. ಚೌಕಟ್ಟು ಹೊನ್ನೆ ಮರದ್ದು. ಹಿಡಿದು ಅಲುಗಾಡಿಸಿದರೆ ಕಿರ್ ಅನ್ನಲಿಲ್ಲ. ಬೆನ್ನು ಒರಗುವ ಹಲಗೆ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಹಿತವಾಗಿ ವಾಲಿತ್ತು. ಎರಡೂ ಕಡೆ ಗಟ್ಟಿ ತೋಳು.

"ಇದರ ಮೂಳೆ ಸರಿಯಾಗಿದೆ," ಅಂದಳು. "ಮಾಂಸ, ಚರ್ಮ ನಾನು ಕೊಡ್ತೀನಿ. ಇದೇ ಬೇಕು."

ಕರಡಿಯ ಮುಖ ಸಣ್ಣದಾಯಿತು. "ಮತ್ತೆ ನಾನೆಲ್ಲಿ ಕೂರಲಿ?"

"ನೀನೂ ಬಾ. ನಾಲ್ಕು ಜನ ಕೂರೋ ಅಗಲ ಇದೆ."

ಯಾರೂ ಹಿಂದೆಂದೂ ಕರೆದಿರಲಿಲ್ಲ ಅಂತ ಕಾಣುತ್ತೆ. ಕರಡಿ ಕಣ್ಣೊರೆಸಿಕೊಂಡು ಚೌಕಟ್ಟನ್ನು ಬೆನ್ನ ಮೇಲೆ ಎತ್ತಿಕೊಂಡಿತು.

ಅವರು ಪಡಸಾಲೆಗೆ ಬಂದಾಗ ಚೌಡಪ್ಪ ಕತ್ತಿನವರೆಗೆ ಹೂತಿದ್ದ. ದ್ಯಾವಮ್ಮ ಕೂರಲಿಲ್ಲ, ನೀರು ಕುಡಿಯಲಿಲ್ಲ, ಕೆಲಸಕ್ಕೆ ಇಳಿದಳು. ಚೌಕಟ್ಟಿಗೆ ಅಡ್ಡಕ್ಕೂ ಉದ್ದಕ್ಕೂ ನವಾರಿನ ಪಟ್ಟಿ ಬಿಗಿದಳು. ಅದರ ಮೇಲೆ ತೆಂಗಿನ ನಾರು, ನಾರಿನ ಮೇಲೆ ಕುದುರೆ ಬಾಲದ ಕೂದಲು, ಎಲ್ಲಕ್ಕಿಂತ ಮೇಲೆ ಒಂದು ಪದರ ಅರಳೆ. ಹುಣಸೆ ಬೀಜದ ಬಣ್ಣದ ದಪ್ಪ ಬಟ್ಟೆ ತಂದು ಜೀನಿಗೆ ಹೊಲಿದ ಹಾಗೆ ಮೈಗೆ ಸರಿಯಾಗಿ ಹೊಲಿದಳು. ಎಲ್ಲೂ ಸಡಿಲವಿಲ್ಲ, ಎಲ್ಲೂ ಜೋಲಿಲ್ಲ. ಎತ್ತರಕ್ಕೆ ಅರಸನ ಕಾಲು ಅಳೆಯಬೇಕಲ್ಲ, ಕಾಲು ಮೋಡದೊಳಗೆ! ಅವಳು ಲಾಯಕ್ಕೆ ಹೋಗಿ ಅರಸನ ಜೀನು ಇಳಿಸಿ, ಕಾಲಿಡುವ ರಿಕಾಪು ಪಟ್ಟಿಯ ಯಾವ ತೂತಿಗೆ ನೇತಾಡುತ್ತಿದೆ ಅಂತ ನೋಡಿ ಬಂದಳು. ಆರನೇ ತೂತು. ಅಷ್ಟು ಸಾಕಿತ್ತು ಅವಳಿಗೆ. ಎರಡು ದಿನದಲ್ಲಿ ಸೋಫಾ ತಯಾರಾಯಿತು. ಅದನ್ನು ಮೋಡದ ಎದುರಿಗೆ ಇಟ್ಟಳು.

ಅರಸ ನೋಡಿದ. "ಭೇಷ್ ಮಗಳೇ, ಚೆನ್ನಾಗಿದೆ," ಅಂದ. "ಆದರೆ ಈಗ ಯಾರಪ್ಪ ಏಳ್ತಾರೆ. ನಾಳೆ ನೋಡೋಣ."

ಜೋಂಪಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಚೌಡಪ್ಪನ ಗಲ್ಲ ಮೋಡದೊಳಗೆ ಜಾರಿತು.

ಆ ಹೊತ್ತಿಗೆ ಬುಟ್ಟಿ ಹೆಣೆಯುವ ಸಣ್ಣಮ್ಮಜ್ಜಿ ಕೋಲೂರಿಕೊಂಡು ಒಳಗೆ ಬಂದಳು. ಅರಮನೆಯ ಆನೆ ಅವಳ ಹಿತ್ತಿಲ ಬಿದಿರನ್ನೆಲ್ಲ ತಿಂದುಹಾಕಿತ್ತು. ಕೇಳುವವರಿಲ್ಲ. ಅಜ್ಜಿ ಪದ್ಧತಿಯಂತೆ ಹೊಸ ಸೋಫಾದ ಮೇಲೆ ಕೂತಳು, ಒಂದು ಗಳಿಗೆಯಲ್ಲೇ ಎದ್ದುಬಿಟ್ಟಳು.

"ಇದೇನೇ ತಾಯಿ ಇದು? ಕಾಲು ನೆಲಕ್ಕೇ ಮುಟ್ಟಲ್ಲ. ನಾನೇನು ಹುಣಸೆಕಾಯಾ, ನೇತಾಡೋಕೆ?"

ದ್ಯಾವಮ್ಮ ಹಣೆ ಚಚ್ಚಿಕೊಂಡಳು. ಜೀನು ಒಬ್ಬ ಸವಾರನದು, ಒಬ್ಬನ ಅಳತೆ ಸಾಕು. ಆದರೆ ಇದು ಪಡಸಾಲೆ! ದಿನವೂ ಇಲ್ಲಿ ಕೂರುವವರು ಅಜ್ಜಿಯರು, ಬಸುರಿಯರು, ಮಕ್ಕಳು, ಕುಳ್ಳರು. ಅರಸ ಒಬ್ಬನನ್ನೇ ಅಳೆದು ತಂದಿದ್ದೆನಲ್ಲ!

"ಒಂದೇ ನಿಮಿಷ ಅಜ್ಜಿ," ಅಂದವಳೇ ಗರಗಸ ತೆಗೆದುಕೊಂಡು ನಾಲ್ಕೂ ಕಾಲುಗಳನ್ನು ನಾಲ್ಕು ನಾಲ್ಕು ಬೆರಳು ಕೊಯ್ದಳು. ಕೆಳಗಿನ ಹೊಲಿಗೆ ಬಿಚ್ಚಿಕೊಂಡಿತು. "ಅದು ಆಮೇಲೆ. ನೀನು ಕೂತು ನೋಡಜ್ಜಿ."

ಸಣ್ಣಮ್ಮಜ್ಜಿ ಕೂತಳು. ಅಂಗಾಲು ನೆಲಕ್ಕೆ ತಾಗಿತು. ಬೆನ್ನು ಒರಗಿತು. ಮೊಣಕೈಗೆ ತೋಳು ಸಿಕ್ಕಿತು. "ಹಾಂ," ಅಂದಳು, ಎದುರಿಗಿದ್ದ ಅರಸನನ್ನು ನೋಡಿ ಪಕ್ಕದ ಜಾಗವನ್ನು ಪಟಪಟ ತಟ್ಟಿದಳು. "ಬಾರಪ್ಪ ಬೊಮ್ಮ. ನಾನು ಕೂತಾಯ್ತು. ನಿನ್ನ ಆನೆ ಏನು ಮಾಡಿದೆ ಅಂತ ಕೇಳು ಬಾ."

ಅರಸನ ಹುಬ್ಬು ಅಲುಗಿತು. ಅಜ್ಜಿಯೊಬ್ಬಳು ಬಂದು ಕೂತಿದ್ದಾಳೆ, ಪಕ್ಕದ ಜಾಗ ಖಾಲಿಯಿದೆ. ಅವನು ಪಟ್ಟಕ್ಕೆ ಬಂದಾಗಿನಿಂದ ಹಾಗಾದದ್ದೇ ಇಲ್ಲ. "ಬಂದೆ ತಾಯಿ, ಬಂದೆ," ಅಂದ. ಮುಂದಕ್ಕೆ ಬಾಗಿದ. ಮೋಡ ಚರ್ರನೆ ಹರಿಯಿತು. ಅರಸ ಎದ್ದ! ಕಿರೀಟ ಜಾರಿ ಮೆತ್ತೆಯ ಮೇಲೆ ಬಿದ್ದದ್ದೂ ತಿಳಿಯದೆ ಅಜ್ಜಿಯ ಪಕ್ಕ ಬಂದು ಕೂತ.

"ಒಬ್ಬ ಎದ್ದರೆ ಏನಾಯ್ತು?" ಅಂತ ಕೂಗಿದ ಜೋಂಪಯ್ಯ. "ಇಬ್ಬರೂ ಏಳಬೇಕು! ನಿನ್ನ ಅಪ್ಪನನ್ನು ನೋಡೇ!"

ಚೌಡಪ್ಪನ ಮೂಗು, ಕಣ್ಣು, ಹಣೆ ಇಷ್ಟೇ ಉಳಿದಿತ್ತು. ದ್ಯಾವಮ್ಮ ಕರೆದಳು. "ಅಪ್ಪಾ, ಏಳಪ್ಪಾ!" ಅವನು ನಿದ್ದೆಗಣ್ಣಲ್ಲಿ ನೋಡಿದ, ಅಷ್ಟೆ. ಬೈದಳು, ಬೇಡಿಕೊಂಡಳು. ಏನೂ ಆಗಲಿಲ್ಲ. ಇನ್ನು ಏನು ಮಾಡಬೇಕೋ ಅವಳಿಗೆ ತೋಚಲಿಲ್ಲ. ತೋಚದಾಗ ಕೈ ತನಗೆ ಗೊತ್ತಿರುವ ಕೆಲಸಕ್ಕೇ ಹೋಗುತ್ತದೆ. ಅವಳು ನೆಲದ ಮೇಲೆ ಕೂತು ಬಿಚ್ಚಿಹೋದ ಕೆಳಗಿನ ಮೂಲೆಯನ್ನು ಹೊಲಿಯತೊಡಗಿದಳು. ಕಣ್ಣಲ್ಲಿ ನೀರು ತುಂಬಿ ಬಟ್ಟೆಯೇ ಕಾಣುತ್ತಿರಲಿಲ್ಲ. ದಬ್ಬಳ ಎಲ್ಲೋ ಹೋಯಿತು, ಹೊಲಿಗೆ ಎಲ್ಲೋ ಹೋಯಿತು. ಮೂಲೆ ಹಾವು ಹರಿದ ಹಾಗೆ ಸೊಟ್ಟಂಬಟ್ಟ ಆಯಿತು.

ಮೋಡದೊಳಗಿನಿಂದ ಒಂದು ಗುಟುರು ಕೇಳಿಸಿತು.

"ಮೂಲೆ ನೋಡೇ, ಮೂಲೆ!"

ದ್ಯಾವಮ್ಮ ತಲೆ ಎತ್ತಿದಳು. ಚೌಡಪ್ಪನ ಕಣ್ಣು ಪೂರ್ತಿ ತೆರೆದಿತ್ತು. ಗಲ್ಲ ಹೊರಗೆ ಬಂತು, ಭುಜ ಬಂತು, ಕೈ ಬಂತು.

"ಅರಸರ ಪಡಸಾಲೆಯಲ್ಲಿ ಇಂಥಾ ಮೂಲೆನಾ? ಜೀನಗಾರರ ಮಾನ ಕಳೀತೀಯಲ್ಲೇ! ಕೊಡಿಲ್ಲಿ ದಬ್ಬಳ!"

ಅಂದವನೇ ಎದ್ದು ಬಂದ. ತನ್ನ ಕಾಲ ಮೇಲೆ ತಾನೇ ನಡೆದು ಬಂದ.

ಮೋಡದ ಸೋಫಾ ಖಾಲಿಯಾಯಿತು. ಖಾಲಿಯಾದ ಮೋಡ ನೆಲ ಬಿಟ್ಟು ಮೇಲೇಳತೊಡಗಿತು. ಅದರ ಮೇಲೆ ಕಿರೀಟ! "ನನ್ನದು, ನನ್ನದು!" ಅಂತ ಜೋಂಪಯ್ಯ ಹಾರಿ ಅದರ ಮೇಲೆ ಬಿದ್ದ. ಬಿದ್ದವನೇ "ಆಹಾ!" ಅಂದ. ಕಿರೀಟ ಉರುಳಿ ಕೆಳಗೆ ಬಂತು, ಕರಡಿ ಹಿಡಿದುಕೊಂಡಿತು. ಮೋಡ ಕಿಟಕಿಯಿಂದ ಹೊರಗೆ ತೇಲಿ ಹೋಯಿತು. ಜೋಂಪಯ್ಯ ಇವತ್ತಿಗೂ ಅದರ ಮೇಲೆ ಗೊರಕೆ ಹೊಡೆಯುತ್ತಿದ್ದಾನಂತೆ. ಮಧ್ಯಾಹ್ನ ಊಟವಾದ ಮೇಲೆ ನಮಗೆಲ್ಲ ಕಣ್ಣು ಎಳೆಯುತ್ತದಲ್ಲ, ಅದು ಅವನ ನೆರಳು ನಮ್ಮ ಮೇಲೆ ಹಾದುಹೋಗುವಾಗ.

ಗುಹೆಯ ಮಾಯೆಯೂ ಕಳಚಿತು. ಸೇನಾಪತಿ ಪುಕ್ಕ ಉಗುಳುತ್ತಾ ಎದ್ದು ಬಂದ. ಮಂತ್ರಿ ಓಡೋಡಿ ಬಂದು ಹೊಸ ಸೋಫಾದ ಮೇಲೆ ಕೂತು, ಎಣ್ಣೆ ತಲೆಯನ್ನು ಹಿಂದಕ್ಕೆ ಒರಗಿಸಿ, ಸಣ್ಣ ಮಗುವಿನ ಹಾಗೆ ಅತ್ತ. ಯಾರೂ ಬೈಯಲಿಲ್ಲ. ಆನೆಗೆ ಬುದ್ಧಿ ಹೇಳಿಸಿ, ಅಜ್ಜಿಯ ಹಿತ್ತಿಲಿಗೆ ಅರಸನೇ ನಿಂತು ಬಿದಿರು ನೆಡಿಸಿದ. ಕರಡಿ ಅರಮನೆಯ ಬಾಗಿಲು ಕಾಯತೊಡಗಿತು, ಬಿಡುವಾದಾಗ ಬಂದು ಸೋಫಾದ ತುದಿಯಲ್ಲಿ ಕೂರುತ್ತಿತ್ತು.

ಚೌಡಪ್ಪ ಮಾತ್ರ ಅವತ್ತು ಬೇರೆ ಯಾರನ್ನೂ ನೋಡಲಿಲ್ಲ. ನೆಲದ ಮೇಲೆ ಮಗಳ ಪಕ್ಕ ಕೂತು ಆ ಸೊಟ್ಟ ಹೊಲಿಗೆಯನ್ನು ಬಿಚ್ಚಲು ಹೊರಟವನು, ಬಟ್ಟೆಯ ಮೇಲೆ ಬಿದ್ದ ಕಣ್ಣೀರಿನ ಕಲೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ದಬ್ಬಳ ಕೆಳಗಿಟ್ಟ.

"ಇರಲಿ ಬಿಡು," ಅಂದ. "ಈ ಮೂಲೆ ಚೆನ್ನಾಗಿದೆ."

ದ್ಯಾವಮ್ಮ ಅಪ್ಪನ ಹೆಗಲಿಗೆ ತಲೆಯಿಟ್ಟು ಅತ್ತಳು, ನಕ್ಕಳು.

ಆ ಸೋಫಾದಲ್ಲಿ ಮುತ್ತುಗದುರ್ಗದ ಜನ ಸುಖವಾಗಿ ಕೂತರು, ಸುಖವಾಗಿ ಎದ್ದರು, ಎದ್ದು ಅವರವರ ಕೆಲಸಕ್ಕೆ ಹೋದರು. ನನ್ನ ಕತೆ ಅಲ್ಲಿಗೆ ಮುಗಿಯಿತು. ನೀವೂ ಬಹಳ ಹೊತ್ತಿನಿಂದ ಕೂತಿದ್ದೀರಿ, ಏಳಿ ನೋಡೋಣ.